ಓಟಿಪಿ ಯಾರಿಗೂ ಹೇಳಿರಲಿಲ್ಲ: ಹಾಸನ ಜಿಲ್ಲೆಯ ಒಂದು ಪ್ರಕರಣ

"ನಾನು ಯಾರಿಗೂ ಓಟಿಪಿ ಹೇಳಿಲ್ಲ." ಹಣ ಕಳೆದುಕೊಂಡ ಈ ಹೆಣ್ಣುಮಗಳು ಮನೆಯಲ್ಲಿ, ಬ್ಯಾಂಕಿನಲ್ಲಿ, ಪೊಲೀಸ್ ಠಾಣೆಯಲ್ಲಿ ಮತ್ತೆ ಮತ್ತೆ ಹೇಳಿದ ಮಾತು ಇದು. ಕೇಳಿದವರಲ್ಲಿ ಅರ್ಧ ಜನ ನಂಬಲಿಲ್ಲ. ಆದರೆ ಅದು ನಿಜ. ಯಾರೂ ಅವರಿಗೆ ಫೋನ್ ಮಾಡಿರಲಿಲ್ಲ, ಯಾರೂ ಓಟಿಪಿ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಆದರೂ ಒಂದೇ ರಾತ್ರಿಯಲ್ಲಿ 93,997 ರೂಪಾಯಿ ಹೋಗಿತ್ತು.

ಓಟಿಪಿ ಹೇಳಬೇಡಿ ಅಂತ ವರ್ಷಗಳಿಂದ ಎಲ್ಲರೂ ಹೇಳುತ್ತಾ ಬಂದಿದ್ದೇವೆ. ಮಾತು ಸರಿ, ಆದರೆ ಅದೊಂದೇ ಸಾಲದು. ಈಗ ನಮ್ಮ ಬಾಯಿಂದ ಓಟಿಪಿ ಹೇಳಿಸುವ ಅಗತ್ಯವೇ ಕಳ್ಳರಿಗಿಲ್ಲ. ನಮ್ಮ ಫೋನೇ ಅವರಿಗೆ ಹೇಳಿಬಿಡುತ್ತದೆ. ಅದು ಹೇಗೆ ಅನ್ನುವುದು ಈ ಪ್ರಕರಣದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಹಾಸನದಲ್ಲಿ ಸ್ತ್ರೀಶಕ್ತಿ ಸಂಘಗಳ ಹೆಂಗಸರಿಗೆ ಮೊಬೈಲ್ ಮತ್ತು ಕಂಪ್ಯೂಟರ್ ಬಳಕೆ ಹೇಳಿಕೊಡುತ್ತೇನೆ. ಹಣ ಕಳೆದುಕೊಂಡವರ ಮಗಳು ನನಗೆ ಪರಿಚಯ. ಹಾಗಾಗಿ ಹಣ ಹೋದದ್ದು ಗೊತ್ತಾದ ದಿನ ಮಧ್ಯಾಹ್ನದಿಂದಲೇ ನಾನು ಅವರ ಜೊತೆಗಿದ್ದೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಬ್ಯಾಂಕು ಬೇಡ ಅಂದರು, ಬಿಟ್ಟಿದ್ದೇನೆ. ನಾನು ಅವರನ್ನು ಅಕ್ಕ ಅಂತ ಕರೆಯುತ್ತೇನೆ, ಇಲ್ಲೂ ಹಾಗೇ ಇರಲಿ.

ಮನೆ ಮತ್ತು ಖಾತೆ

ದುದ್ದ ಹೋಬಳಿಯ ಒಂದು ಹಳ್ಳಿ. ಮೂರು ಎಕರೆ ಜಮೀನು, ನಾಲ್ಕು ಹಸು. ಜಮೀನು ಯಜಮಾನರ ಹೆಸರಲ್ಲಿದೆ, ಹಸುವಿನ ವ್ಯವಹಾರ ಪೂರ್ತಿ ಅಕ್ಕನದು. ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತಾರೆ. ಬಟವಾಡೆ ಅವರ ಖಾತೆಗೇ ಬರುತ್ತದೆ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಅಲ್ಲಿಗೇ, ಗೃಹಲಕ್ಷ್ಮಿಯ 2,000 ರೂಪಾಯಿಯೂ ಅಲ್ಲಿಗೇ. ಆ ಖಾತೆಯಲ್ಲಿ ಅವತ್ತು 1,12,400 ರೂಪಾಯಿ ಇತ್ತು. ಅದು ಸುಮ್ನೆ ಬಿದ್ದಿದ್ದ ದುಡ್ಡಲ್ಲ. ಆಗ ಮೇ ತಿಂಗಳು, ಆಲೂಗೆಡ್ಡೆ ಬಿತ್ತನೆಯ ಕಾಲ. ಹಾಸನದ ಎಪಿಎಂಸಿಗೆ ಜಲಂಧರ್ ಕಡೆಯಿಂದ ಬಿತ್ತನೆ ಗೆಡ್ಡೆ ಬಂದಿಳಿಯುವ ಹೊತ್ತು. ಬೀಜ, ಗೊಬ್ಬರ, ಆಳು ಎಲ್ಲಕ್ಕೂ ಅದೇ ದುಡ್ಡು.

ಅಕ್ಕನಿಗೆ ಫೋನ್ ಹೊಸದಲ್ಲ. ವಾಟ್ಸಾಪ್ ನೋಡುತ್ತಾರೆ, ಫೋನ್‌ಪೇಯಲ್ಲಿ ಹಿಂಡಿ ಬೂಸಾ ಅಂಗಡಿಗೆ ದುಡ್ಡು ಹಾಕುತ್ತಾರೆ. ಯಾರಾದರೂ ಫೋನ್ ಮಾಡಿ "ಬ್ಯಾಂಕಿಂದ ಮಾತಾಡ್ತಿದೀವಿ" ಅಂದರೆ ಕಟ್ ಮಾಡುವಷ್ಟು ತಿಳಿವಳಿಕೆ ಇದೆ. ಹಿಂದೆ ಎರಡು ಸಲ ಹಾಗೆ ಕಟ್ ಮಾಡಿದ್ದಾರೆ ಕೂಡ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮೋಸ ಹೋದವರೆಲ್ಲ ಏನೂ ತಿಳಿಯದವರು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಂದುಕೊಂಡಾಗಲೇ ನಮ್ಮ ಎಚ್ಚರ ತಪ್ಪುವುದು.

ಇನ್ನೊಂದು ವಿಷಯ. ಅವರ ಎಟಿಎಂ ಕಾರ್ಡಿನಲ್ಲಿ ಆನ್‌ಲೈನ್ ಖರೀದಿ ಆನ್ ಆಗಿತ್ತು. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಕಾರ್ಡಿನಲ್ಲಿ ಆ ಸೌಲಭ್ಯ ತಾನಾಗೇ ಆನ್ ಆಗಿ ಬರುವಂತಿಲ್ಲ, ನಾವೇ ಕೇಳಿ ಆನ್ ಮಾಡಿಸಬೇಕು. ಮಗಳು ಒಮ್ಮೆ ಮಿಕ್ಸಿ ತರಿಸುವಾಗ ಆನ್ ಮಾಡಿದ್ದಳು. ಮಿಕ್ಸಿ ಬಂತು, ಸ್ವಿಚ್ ಹಾಗೇ ಉಳಿಯಿತು. ದಿನದ ಮಿತಿ 75,000 ರೂಪಾಯಿ.

ಶುಕ್ರವಾರ ಸಂಜೆ

ಡೈರಿಯ ವಾಟ್ಸಾಪ್ ಗ್ರೂಪಿಗೆ ಸಂಜೆ ಆರೂವರೆ ಸುಮಾರಿಗೆ ಒಂದು ಮೆಸೇಜ್ ಬಂತು. ಕಳಿಸಿದ್ದು ಅದೇ ಊರಿನ, ದಿನಾ ಕ್ಯಾನ್ ಹಿಡಿದು ಸಾಲಿನಲ್ಲಿ ನಿಲ್ಲುವ ಒಬ್ಬರು. ಮೆಸೇಜು ಕನ್ನಡದಲ್ಲೇ ಇತ್ತು: ಪಿಎಂ ಕಿಸಾನ್ ಇ-ಕೆವೈಸಿ ಇಂದೇ ಕೊನೆ ದಿನ, ಮಾಡದಿದ್ದರೆ ಮುಂದಿನ ಕಂತು ಬರುವುದಿಲ್ಲ, ಕೆಳಗಿನ ಆ್ಯಪ್ ಹಾಕಿಕೊಳ್ಳಿ. ಅದರ ಕೆಳಗೆ ಒಂದು ಫೈಲು. ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಮೂರು ಇಂಗ್ಲಿಷ್ ಅಕ್ಷರ.

ಯಾಕೆ ನಂಬಿದಿರಿ ಅಂತ ಕೇಳುವವರು ಇದನ್ನು ಗಮನಿಸಬೇಕು. ಪಿಎಂ ಕಿಸಾನ್ ನಿಜವಾದ ಯೋಜನೆ. ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ ಬರುತ್ತದೆ. ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತಪಡಿಸುವುದು, ಕಡ್ಡಾಯ ಅನ್ನುವುದೂ ನಿಜ. ಅದಕ್ಕೆ ಸರ್ಕಾರದ ಆ್ಯಪ್ ಇರುವುದೂ ನಿಜ. ಕಳಿಸಿದವರೂ ಗೊತ್ತಿರುವವರು. ಸುಳ್ಳಾಗಿದ್ದದ್ದು ಆ ಫೈಲ್ ಒಂದೇ.

ಮತ್ತೆ, ಕಳಿಸಿದವರು ಕಳ್ಳರಲ್ಲ. ಅವರ ಫೋನಿಗೂ ಬೇರೊಬ್ಬರಿಂದ ಅದೇ ಫೈಲ್ ಬಂದಿತ್ತು. ಅವರು ಒತ್ತಿದ್ದರು. ಅವರ ವಾಟ್ಸಾಪ್ ಕಳ್ಳರ ಕೈಗೆ ಹೋಗಿ, ಅವರಿರುವ ಗ್ರೂಪುಗಳಿಗೆಲ್ಲ ಅವರ ಹೆಸರಿನಲ್ಲೇ ಮೆಸೇಜ್ ಹೋಗಿತ್ತು. ಆ ಹೊತ್ತಿನಲ್ಲಿ ಅವರು ಗದ್ದೆಯಲ್ಲಿದ್ದರಂತೆ.

ಅಕ್ಕ ಫೈಲ್ ಒತ್ತಿದರು. ಮುಂದೆ ಏನೇನಾಯಿತು ಅನ್ನುವುದನ್ನು ನಾವಿಬ್ಬರೂ ಕೂತು ಒಂದೊಂದಾಗಿ ನೆನಪು ಮಾಡಿಕೊಂಡೆವು. ಫೋನು ಸುಮ್ಮನೆ ಒಳಗೆ ಬಿಟ್ಟುಕೊಂಡಿರಲಿಲ್ಲ. ನಾಲ್ಕು ಕಡೆ ತಡೆದು ಕೇಳಿತ್ತು.

ಮೊದಲನೆಯದು, ವಾಟ್ಸಾಪ್‌ನಿಂದ ಬಂದ ಆ್ಯಪ್ ಹಾಕಲು ಅನುಮತಿ ಇಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಡಬೇಕು ಅಂತ. ಕೊಟ್ಟರು. ಎರಡನೆಯದು, ಆ್ಯಪ್‌ಗಳನ್ನು ಪರೀಕ್ಷಿಸುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಕಡೆಯಿಂದ ಈ ಆ್ಯಪ್ ಅಪಾಯಕಾರಿ ಇರಬಹುದು ಅಂತ ಎಚ್ಚರಿಕೆ. ಅದರ ಕೆಳಗೆ ಸಣ್ಣದಾಗಿ 'ಆದರೂ ಇನ್‌ಸ್ಟಾಲ್ ಮಾಡಿ' ಅನ್ನುವ ಆಯ್ಕೆ. ಅದು ಇಂಗ್ಲಿಷಿನಲ್ಲಿತ್ತು. ಅಕ್ಕನಿಗೆ ಓದಲು ಬರುವುದು ಕನ್ನಡ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಬಹುದು ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಇದು ನನಗೆ ತುಂಬ ಬೇಸರ ತಂದ ವಿಷಯ. ಎಚ್ಚರಿಕೆ ಕೊಡಬೇಕಾದ ಜಾಗದಲ್ಲಿ ಕೊಟ್ಟಿದೆ, ಆದರೆ ಓದಬೇಕಾದವರಿಗೆ ಅರ್ಥವಾಗದ ಭಾಷೆಯಲ್ಲಿ ಕೊಟ್ಟಿದೆ.

ಮೂರನೆಯದು, ಎಸ್‌ಎಂಎಸ್ ಓದಲು ಮತ್ತು ಕಳಿಸಲು ಅನುಮತಿ. 'ಅಲೋ' ಒತ್ತಿದರು. ನಾಲ್ಕನೆಯದು, ಈ ಆ್ಯಪ್ಪನ್ನೇ ನಿಮ್ಮ ಮೆಸೇಜ್ ಆ್ಯಪ್ ಮಾಡಿಕೊಳ್ಳಲಾ ಅಂತ. ಅದಕ್ಕೂ ಹೂಂ ಅಂದರು. "ಒತ್ತದಿದ್ರೆ ಮುಂದಕ್ಕೆ ಹೋಗ್ತಿರ್ಲಿಲ್ಲ ಕಣವ್ವ" ಅಂದರು ನನ್ನ ಹತ್ತಿರ. ನಾವೆಲ್ಲ ಒತ್ತುವುದೂ ಹಾಗೇ ಅಲ್ವಾ? ಮುಂದಕ್ಕೆ ಹೋಗಬೇಕು ಅಂತ.

ಆಮೇಲೆ ಹಸಿರು ಬಣ್ಣದ ಒಂದು ಪುಟ ತೆರೆಯಿತು. ಅಶೋಕ ಸ್ತಂಭದ ಚಿತ್ರ, ಆಧಾರ್ ನಂಬರ್, ಫೋನ್ ನಂಬರ್, ಹುಟ್ಟಿದ ದಿನ. ಕೊನೆಯಲ್ಲಿ ಖಾತೆ ಖಚಿತಪಡಿಸಲು 1 ರೂಪಾಯಿ ಕಟ್ಟಿ ಅಂತ. ಯಜಮಾನರ ಕಾರ್ಡು ಅವರ ಜೇಬಿನಲ್ಲಿತ್ತು, ಅವರಿನ್ನೂ ಹೊಲದಿಂದ ಬಂದಿರಲಿಲ್ಲ. ಒಂದೇ ರೂಪಾಯಿ ತಾನೇ ಅಂತ ಅಕ್ಕ ತಮ್ಮ ಕಾರ್ಡಿನ ನಂಬರ್, ಅವಧಿ, ಹಿಂದಿನ ಮೂರಂಕಿ, ಕೊನೆಗೆ ಎಟಿಎಂ ಪಿನ್ ಕೂಡ ಹಾಕಿದರು. ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ, 24 ಗಂಟೆ ಕಾಯಿರಿ ಅಂತ ಬಂತು. ಫೋನ್ ಪಕ್ಕಕ್ಕಿಟ್ಟು ಹಾಲು ಕರೆಯಲು ಹೋದರು.

ಆ ಆ್ಯಪ್ಪಿನ ಗುರುತು ಆಮೇಲೆ ಪರದೆಯ ಮೇಲೆ ಕಾಣಲೇ ಇಲ್ಲ.

ರಾತ್ರಿ 9.14ಕ್ಕೆ 24,999 ರೂಪಾಯಿ. 9.17ಕ್ಕೆ ಮತ್ತೆ 24,999. 9.23ಕ್ಕೆ 19,000. ಇಲ್ಲಿಗೆ ದಿನದ ಮಿತಿ ಹತ್ತಿರ ಬಂದಿತ್ತು. ಕಳ್ಳರು ಕಾದರು. ತಾರೀಖು ಬದಲಾದ ಮೇಲೆ, 12.06ಕ್ಕೆ, ಇನ್ನೊಂದು 24,999. ಎಲ್ಲವೂ ಕಾರ್ಡಿನಿಂದ ಯಾವುದೋ ವಾಲೆಟ್‌ಗಳಿಗೆ, ಅಂದರೆ ಆ್ಯಪ್‌ನಲ್ಲಿ ದುಡ್ಡು ತುಂಬಿಟ್ಟುಕೊಳ್ಳುವ ಖಾತೆಗಳಿಗೆ. ಪ್ರತಿಯೊಂದಕ್ಕೂ ಓಟಿಪಿ ಬಂದಿದೆ, ಅಕ್ಕನ ಫೋನಿಗೇ ಬಂದಿದೆ. ಆದರೆ ಮೆಸೇಜ್ ಆ್ಯಪ್ ಈಗ ಕಳ್ಳರದು. ಅದು ಓಟಿಪಿಯನ್ನು ಅವರಿಗೆ ಕಳಿಸಿ, ಇಲ್ಲಿ ಅಳಿಸಿಹಾಕಿತು. ಹಣ ಕಡಿತವಾಗಿದೆ ಅನ್ನುವ ಬ್ಯಾಂಕಿನ ಮೆಸೇಜಿಗೂ ಅದೇ ಗತಿ. ಮನೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು, ಕಳ್ಳ ಅಟ್ಟದ ಮೇಲೆ ಕೂತಿದ್ದ.

ಶನಿವಾರ ಬೆಳಗ್ಗೆ

ಅದು ಎರಡನೇ ಶನಿವಾರ. ಬ್ಯಾಂಕಿಗೆ ರಜೆ, ಮಾರನೇ ದಿನ ಭಾನುವಾರ.

ಯಜಮಾನರು ಬೆಳಗ್ಗೆಯೇ ಎಪಿಎಂಸಿಗೆ ಹೋಗಿ ಬಿತ್ತನೆ ಗೆಡ್ಡೆ ನೋಡಿ, ದರ ಮಾತಾಡಿ, ಒಂಬತ್ತು ಗಂಟೆ ದಾಟಿದ ಮೇಲೆ ಮನೆಗೆ ಫೋನ್ ಮಾಡಿದರು. ಮಂಡಿಯವರಿಗೆ ದುಡ್ಡು ಹಾಕು ಅಂತ. ಅಕ್ಕ ಹಾಕಲು ಹೋದರೆ ಖಾತೆಯಲ್ಲಿ ಸಾಕಷ್ಟು ಹಣ ಇಲ್ಲ ಅಂತ ಬಂತು. ಸರ್ವರ್ ಸರಿಯಿಲ್ಲವೇನೋ ಅಂದುಕೊಂಡು ಫೋನ್ ಆಫ್ ಮಾಡಿ ಆನ್ ಮಾಡಿದರು. ಬ್ಯಾಲೆನ್ಸ್ ನೋಡಿದರು. 18,403.

ಇಲ್ಲಿಂದ ಮುಂದಿನ ಮುಕ್ಕಾಲು ಗಂಟೆ ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಭಾಗ. ಅಕ್ಕ ಯಾರಿಗೂ ಹೇಳಲಿಲ್ಲ. ಯಜಮಾನರಿಗೆ "ನೆಟ್‌ವರ್ಕ್ ಇಲ್ಲ, ಆಮೇಲೆ ಹಾಕ್ತೀನಿ" ಅಂದರು. ಆಟೋ ಹತ್ತಿ ಬ್ಯಾಂಕಿಗೆ ಹೋದರು. ಬಾಗಿಲು ಹಾಕಿತ್ತು. ಅಲ್ಲೇ ಕಟ್ಟೆಯ ಮೇಲೆ ಕೂತು ಗೂಗಲ್‌ನಲ್ಲಿ ಬ್ಯಾಂಕಿನ ಹೆಸರು ಹೇಳಿ ಕಸ್ಟಮರ್ ಕೇರ್ ನಂಬರ್ ಹುಡುಕಿದರು. ಮೇಲೆ ಸಿಕ್ಕ ನಂಬರಿಗೆ ಫೋನ್ ಹಚ್ಚಿದರು.

ಎತ್ತಿದವನು ಕನ್ನಡದಲ್ಲೇ ಮಾತಾಡಿದ. "ಅಮ್ಮಾ, ಗಾಬರಿ ಆಗ್ಬೇಡಿ. ದುಡ್ಡು ಎಲ್ಲೂ ಹೋಗಿಲ್ಲ, ಹೋಲ್ಡ್ ಆಗಿದೆ. ಹತ್ತೇ ನಿಮಿಷದಲ್ಲಿ ವಾಪಸ್ ಹಾಕ್ಸ್ತೀನಿ. ಒಂದು ಆ್ಯಪ್ ಹೇಳ್ತೀನಿ, ಹಾಕ್ಕೊಳ್ಳಿ. ನಿಮ್ಮ ಸ್ಕ್ರೀನ್ ನಮಗೆ ಕಾಣ್ಬೇಕು, ಅಷ್ಟೇ."

ಅದು ಬ್ಯಾಂಕಿನ ನಂಬರ್ ಅಲ್ಲ. ಬ್ಯಾಂಕಿನ ಹೆಸರಲ್ಲಿ ಸುಳ್ಳು ನಂಬರನ್ನು ಇಂಟರ್‌ನೆಟ್ಟಿನಲ್ಲಿ ಬಿಟ್ಟು ಕಾದು ಕೂರುವವರ ಇನ್ನೊಂದು ಗುಂಪು. ಗಾಬರಿಯಲ್ಲಿ ಇರುವವರೇ ಆ ನಂಬರ್ ಹುಡುಕುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಉಳಿದ 18,000 ಕೂಡ ಅಲ್ಲೇ ಹೋಗುತ್ತಿತ್ತು. ಅಷ್ಟರಲ್ಲಿ ಬೆಂಗಳೂರಿನಿಂದ ಮಗಳ ಫೋನ್ ಬಂತು. ಅಪ್ಪ ಅವಳಿಗೆ ಫೋನ್ ಮಾಡಿ, "ಅಮ್ಮ ಯಾಕೋ ಸರಿಯಾಗಿ ಮಾತಾಡ್ತಿಲ್ಲ, ನೋಡು" ಅಂದಿದ್ದರು. ಅಕ್ಕ ಅವನ ಫೋನ್ ಇಟ್ಟು ಮಗಳ ಫೋನ್ ಎತ್ತಿದರು. ಎತ್ತಿದ ಕೂಡಲೇ ಅತ್ತರು.

ಮಗಳು ಬೈಯಲಿಲ್ಲ. ಇದು ಸಣ್ಣ ವಿಷಯ ಅಲ್ಲ. ಅವಳು ಮೂರು ಕೆಲಸ ಹೇಳಿದಳು. ಮೊದಲು ಫೋನಿನ ಇಂಟರ್‌ನೆಟ್ ಆಫ್ ಮಾಡು. ಎಟಿಎಂ ಕಾರ್ಡ್ ತಿರುಗಿಸು, ಹಿಂದೆ ಇರುವ ನಂಬರಿಗೆ ಪಕ್ಕದವರ ಫೋನಿನಿಂದ ಮಾಡಿ ಕಾರ್ಡ್ ಬ್ಲಾಕ್ ಮಾಡಿಸು. ಆಮೇಲೆ 1930ಕ್ಕೆ ಮಾಡು. ಪಕ್ಕದಲ್ಲಿ ಔಷಧಿ ಅಂಗಡಿ ಇತ್ತು. ಆ ಹುಡುಗ ತನ್ನ ಫೋನ್ ಕೊಟ್ಟ, ಜೊತೆಗೆ ನಿಂತು ಬರೆದುಕೊಟ್ಟ. ಬರೆಯಲು ಸಿಕ್ಕಿದ್ದು ಅಕ್ಕನ ಬ್ಯಾಗಿನಲ್ಲಿದ್ದ ಡೈರಿಯ ಹಾಲಿನ ಪುಸ್ತಕ. ಅದರ ಕೊನೆಯ ಹಾಳೆಯಲ್ಲಿ ಇವತ್ತಿಗೂ ಇದೆ: 10.05, ಬ್ಯಾಂಕ್, ದೂರು ಸಂಖ್ಯೆ. 10.20, 1930, ದೂರು ಸಂಖ್ಯೆ.

1930 ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಕೇಂದ್ರದ ವ್ಯವಸ್ಥೆಯ ಸಹಾಯವಾಣಿ. ರಜೆ, ರಾತ್ರಿ ಅಂತ ಇಲ್ಲ. ಅಲ್ಲಿ ದೂರು ದಾಖಲಾದ ಕೂಡಲೇ ಹಣ ಹೋದ ಬ್ಯಾಂಕಿಗೆ, ವಾಲೆಟ್ ಕಂಪನಿಗೆ ಮಾಹಿತಿ ಹೋಗುತ್ತದೆ. ಹಣ ಇನ್ನೂ ಅಲ್ಲೇ ಇದ್ದರೆ ಅದನ್ನು ತಡೆಹಿಡಿಯುತ್ತಾರೆ. ಮುಂದಕ್ಕೆ ಹೋಗಿದ್ದರೆ ಮುಂದಿನ ಖಾತೆಗೆ ಸುದ್ದಿ ಮುಟ್ಟಿಸುತ್ತಾರೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ಕೊನೆಗೆ ಎಟಿಎಂನಿಂದ ನೋಟಾಗಿ ಹೊರಬಂದರೆ ಮುಗಿಯಿತು. ಅದಕ್ಕೇ ಸೋಮವಾರ ಬ್ಯಾಂಕಿಗೆ ಹೋಗೋಣ ಅನ್ನುವುದು ಆಗದ ಮಾತು. ಠಾಣೆಗೆ ಹೋಗಿ ಬರೆದುಕೊಡುವುದೂ ಬೇಕು, ಆದರೆ ಅದು 1930ಕ್ಕೆ ಫೋನ್ ಮಾಡಿದ ಮೇಲಿನ ಕೆಲಸ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಅನ್ನುವ ಜಾಲತಾಣದಲ್ಲೂ ದೂರು ಕೊಡಬಹುದು. ಗಾಬರಿಯಲ್ಲಿ ಟೈಪ್ ಮಾಡುವುದಕ್ಕಿಂತ ಫೋನೇ ಸುಲಭ.

10.31ಕ್ಕೆ ಇನ್ನೊಂದು 9,500 ರೂಪಾಯಿ ಹೋಯಿತು. ಕಾರ್ಡ್ ಬ್ಲಾಕ್ ಆಗಿತ್ತು. ಆದರೆ ರಾತ್ರಿಯೇ ಕಳ್ಳರು ಕಾರ್ಡಿನ ವಿವರ, ಎಟಿಎಂ ಪಿನ್, ಓಟಿಪಿ ಬಳಸಿ ಅಕ್ಕನ ಹೆಸರಿನಲ್ಲಿ ನೆಟ್ ಬ್ಯಾಂಕಿಂಗ್ ತೆರೆದುಕೊಂಡಿದ್ದರು. ಅಕ್ಕನಿಗೆ ನೆಟ್ ಬ್ಯಾಂಕಿಂಗ್ ಅಂದರೇನು ಅಂತಲೇ ಗೊತ್ತಿರಲಿಲ್ಲ. ಮಗಳು ಹೇಳಿದ್ದ ಇಂಟರ್‌ನೆಟ್ ಆಫ್ ಮಾಡುವ ಕೆಲಸ ಅರ್ಧ ಮಾತ್ರ ಆಗಿತ್ತು: ಡೇಟಾ ಆಫ್ ಆಗಿತ್ತು, ಸಿಮ್ ಇನ್ನೂ ಒಳಗಿತ್ತು. ಎಸ್‌ಎಂಎಸ್ ಮೂಲಕವೇ ಓಟಿಪಿ ಆಚೆ ಹೋಗಿರಬೇಕು. ಏರೋಪ್ಲೇನ್ ಮೋಡ್ ಹಾಕುವುದು ಅಥವಾ ಸಿಮ್ಮನ್ನೇ ತೆಗೆಯುವುದು ಸರಿಯಾದ ದಾರಿ. ಮತ್ತೆ ಬ್ಯಾಂಕಿಗೆ ಫೋನ್ ಮಾಡುವಾಗ ಕಾರ್ಡ್ ಬ್ಲಾಕ್ ಮಾಡಿ ಅಂದರೆ ಸಾಲದು. ನೆಟ್ ಬ್ಯಾಂಕಿಂಗ್, ಯುಪಿಐ ಎಲ್ಲ ನಿಲ್ಲಿಸಿ, ಖಾತೆಯಿಂದ ಹಣ ಹೋಗುವುದನ್ನೇ ತಡೆಯಿರಿ ಅಂತ ಹೇಳಬೇಕು.

ಫೋನಿನೊಳಗೆ

ಮಧ್ಯಾಹ್ನ ಅಕ್ಕ ಹಾಸನಕ್ಕೆ ಬಂದರು. ಮೊದಲು ಸಿಮ್ ತೆಗೆದು, ಯಜಮಾನರ ಹಳೇ ಗುಂಡಿ ಫೋನಿಗೆ ಹಾಕಿದೆವು. ಆ ಫೋನಿಗೆ ಯಾವ ಆ್ಯಪ್ಪೂ ಹತ್ತುವುದಿಲ್ಲ. ಇನ್ನು ಬರುವ ಓಟಿಪಿ, ಬ್ಯಾಂಕಿನ ಮೆಸೇಜು ಎಲ್ಲ ಕಣ್ಣಿಗೆ ಬೀಳುತ್ತವೆ. ಮನೆಯಲ್ಲಿ ಹಳೇ ಗುಂಡಿ ಫೋನ್ ಇದ್ದರೆ ಎಸೆಯಬೇಡಿ ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಆಮೇಲೆ ಸಾಕ್ಷಿ. ಗ್ರೂಪಿನ ಮೆಸೇಜು, ಫೈಲಿನ ಹೆಸರು, ಬಂದ ಸಮಯ, ಆ ಸುಳ್ಳು ಕಸ್ಟಮರ್ ಕೇರ್ ನಂಬರ್, ಎಲ್ಲವನ್ನೂ ಇನ್ನೊಂದು ಫೋನಿನಿಂದ ಫೋಟೊ ತೆಗೆದುಕೊಂಡೆವು. ಗಾಬರಿಯಲ್ಲಿ ಜನ ಮೊದಲು ಎಲ್ಲ ಡಿಲೀಟ್ ಮಾಡಿಬಿಡುತ್ತಾರೆ. ಪೊಲೀಸರಿಗೆ ಕೊಡಲು ಏನೂ ಉಳಿಯುವುದಿಲ್ಲ.

ಆ್ಯಪ್ ಎಲ್ಲಿದೆ ಅಂತ ಹುಡುಕಿದೆವು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ಪಟ್ಟಿಗೆ ಹೋದರೆ, ಗುರುತು ಅಡಗಿಸಿಕೊಂಡಿದ್ದರೂ ಅಲ್ಲಿ ಹೆಸರು ಸಿಗುತ್ತದೆ. ಸಿಕ್ಕಿತು. ತೆಗೆಯಲು ಹೋದರೆ ಆಗಲಿಲ್ಲ, ಫೋನಿನ ಅಡ್ಮಿನ್ ಹಕ್ಕನ್ನೂ ಅದು ಪಡೆದುಕೊಂಡಿತ್ತು. ಇದನ್ನು ಎಳೆದಾಡುತ್ತಾ ಕೂರುವುದಕ್ಕಿಂತ ಫ್ಯಾಕ್ಟರಿ ರೀಸೆಟ್, ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವುದೇ ಒಳ್ಳೆಯದು. ಫೋಟೊಗಳನ್ನು ಬೇರೆಡೆ ತೆಗೆದಿಟ್ಟೆವು. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಯವರು ಫೋನ್ ನೋಡಿ, ವಿವರ ಬರೆದುಕೊಂಡು, ರೀಸೆಟ್ ಮಾಡಿಕೊಳ್ಳಿ ಅಂದ ಮೇಲೆ ಮಾಡಿದೆವು. ವಾಟ್ಸಾಪ್‌ಗೆ ಮತ್ತೆ ಲಾಗಿನ್ ಆಗಿ, 'ಲಿಂಕ್ಡ್ ಡಿವೈಸಸ್' ಅನ್ನುವಲ್ಲಿ ಬೇರೆ ಯಾವುದೂ ಇಲ್ಲ ಅಂತ ಖಚಿತ ಮಾಡಿಕೊಂಡು, ಎರಡು ಹಂತದ ಪಿನ್ ಹಾಕಿದೆವು. ಬೇರೆಲ್ಲ ಪಿನ್‌ಗಳನ್ನು ಹೊಸದಾಗಿ ಇಟ್ಟೆವು, ರೀಸೆಟ್ ಆದ ನಂತರ. ಕಳ್ಳ ಒಳಗಿರುವಾಗ ಪಿನ್ ಬದಲಿಸಿದರೆ ಹೊಸ ಪಿನ್ನೂ ಅವನಿಗೆ ಹೋಗುತ್ತದೆ.

ಇಂಥ ಆ್ಯಪ್‌ಗಳು ಯಾಕೆ ವಾಟ್ಸಾಪ್‌ನಲ್ಲಿ ಫೈಲಾಗಿ ಬರುತ್ತವೆ ಅನ್ನುವುದಕ್ಕೂ ಕಾರಣ ಇದೆ. ಎಸ್‌ಎಂಎಸ್ ಓದುವ ಅನುಮತಿ ಕೇಳುವ ಆ್ಯಪ್‌ಗಳ ಮೇಲೆ ಗೂಗಲ್ 2019ರಿಂದ ಪ್ಲೇ ಸ್ಟೋರಿನಲ್ಲಿ ಬಿಗಿ ಮಾಡಿದೆ. ಆ ಬಾಗಿಲಿನಿಂದ ಇಂಥವು ಒಳಗೆ ಬರುವುದು ಕಷ್ಟ. ಹಾಗಾಗಿ ಕಳ್ಳರು ಫೈಲನ್ನು ನೇರವಾಗಿ ನಮ್ಮ ಕೈಗೇ ಕಳಿಸುತ್ತಾರೆ. ಇವತ್ತು ಪಿಎಂ ಕಿಸಾನ್, ನಾಳೆ ಗಾಡಿಯ ಚಲನ್, ಇನ್ನೊಂದು ದಿನ ಮದುವೆ ಕಾಗದ. ಹೆಸರು ಯಾವುದಾದರೂ ಇರಲಿ, ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಅದು ಆ್ಯಪ್. ಮದುವೆ ಕಾಗದ ಫೋಟೊ ಆಗಿರಬಹುದು, ಪಿಡಿಎಫ್ ಆಗಿರಬಹುದು, ಆ್ಯಪ್ ಆಗಿರಲು ಸಾಧ್ಯವೇ ಇಲ್ಲ. ನಮ್ಮ ತರಗತಿಯಲ್ಲಿ ನಾನು ಈಗ ಮೊದಲ ದಿನವೇ ಹೇಳಿಕೊಡುವುದು ಇದನ್ನು. ಓಟಿಪಿಯ ಮಾತು ಆಮೇಲೆ.

ಬ್ಯಾಂಕು ಮತ್ತು ಠಾಣೆ

ಹಾಸನದ ಸಿಇಎನ್ ಠಾಣೆಯಲ್ಲಿ ದೂರು ತೆಗೆದುಕೊಂಡರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಮತ್ತು 66ಡಿ ಕಲಮುಗಳಡಿ ಎಫ್‌ಐಆರ್ ಆಯಿತು. ಬೇರೊಬ್ಬರ ಗುರುತಿನ ವಿವರ ಕದ್ದು ಬಳಸುವುದು, ಬೇರೊಬ್ಬರಂತೆ ನಟಿಸಿ ಮೋಸ ಮಾಡುವುದು ಈ ಕಲಮುಗಳಲ್ಲಿ ಬರುತ್ತವೆ. ಮಧ್ಯರಾತ್ರಿಯ 24,999 ರೂಪಾಯಿ ವಾಲೆಟ್‌ನಲ್ಲೇ ಸಿಕ್ಕಿಬಿದ್ದಿತ್ತು. ಇನ್ನೊಂದು ಖಾತೆಯಲ್ಲಿ 6,350. ಒಟ್ಟು 31,349 ರೂಪಾಯಿ ತಡೆಹಿಡಿದರು. ಮೊದಲ ಮೂರು ಸಲ ಹೋದ ಹಣದಲ್ಲಿ ಉಳಿದದ್ದೆಲ್ಲ ಬೆಳಗಾಗುವಷ್ಟರಲ್ಲಿ ನೋಟಾಗಿ ಹೋಗಿತ್ತು. ತಡೆಹಿಡಿದ ಹಣ ತಾನಾಗೇ ವಾಪಸ್ ಬರುವುದಿಲ್ಲ. ನ್ಯಾಯಾಲಯದ ಆದೇಶ ಬೇಕಾಯಿತು, ತಿಂಗಳುಗಳು ಹಿಡಿಯಿತು, ಆದರೆ ಬಂತು.

ಬ್ಯಾಂಕಿನ ಜೊತೆಗಿನ ವ್ಯವಹಾರ ಇಷ್ಟು ಸಲೀಸಾಗಿರಲಿಲ್ಲ. ಸೋಮವಾರ ಹೋದಾಗ ಬಂದ ಮೊದಲ ಉತ್ತರ, "ಓಟಿಪಿ ಇಲ್ಲದೆ ದುಡ್ಡು ಹೋಗಲ್ಲಮ್ಮ, ನೀವೇ ಕೊಟ್ಟಿರ್ತೀರಿ." ಅಕ್ಕ ತಲೆ ತಗ್ಗಿಸಿದರು. ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು.

ಇಲ್ಲಿ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಕೆಲಸಕ್ಕೆ ಬಂತು. ಅದರಲ್ಲಿ ಮೂರು ಮಾತು ಮುಖ್ಯ. ನಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋಗಿ, ಬ್ಯಾಂಕಿನ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮದಲ್ಲ. ಪಿನ್, ಕಾರ್ಡಿನ ವಿವರ ಕೊಟ್ಟ ನಮ್ಮ ಅಜಾಗರೂಕತೆಯಿಂದ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ತಪ್ಪು ಗ್ರಾಹಕರದ್ದೇ ಅಂತ ತೋರಿಸುವ ಹೊಣೆ ಬ್ಯಾಂಕಿನ ಮೇಲಿದೆ.

ಹಾಲಿನ ಪುಸ್ತಕದ ಕೊನೆಯ ಹಾಳೆ ಮುಂದಿಟ್ಟೆವು. ದೂರು ಕೊಟ್ಟದ್ದು 10.05ಕ್ಕೆ, 9,500 ಹೋದದ್ದು 10.31ಕ್ಕೆ. ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ಹತ್ತು ಕೆಲಸದ ದಿನದೊಳಗೆ ಆ ಹಣ ಖಾತೆಗೆ ಬಂತು. ಸಮಯ ಬರೆದಿಡದೆ ಇದ್ದಿದ್ದರೆ ಅದೂ ಬರುತ್ತಿರಲಿಲ್ಲ.

ಉಳಿದ 62,648 ರೂಪಾಯಿಗೆ ಬ್ಯಾಂಕು ಲಿಖಿತವಾಗಿ ಇಲ್ಲ ಅಂದಿತು. ಕಾರ್ಡಿನ ವಿವರವನ್ನು ಅಕ್ಕನೇ ಸುಳ್ಳು ಪುಟದಲ್ಲಿ ತುಂಬಿದ್ದಾರೆ ಅನ್ನುವುದು ಕಾರಣ. ಅದು ನಿಜವೂ ಹೌದು.

ಡೈರಿ ಗ್ರೂಪ್

ಆ ಫೈಲ್ ಗ್ರೂಪಿನಲ್ಲಿ ಇನ್ನೂ ಇತ್ತು. ಶನಿವಾರ ಸಂಜೆ ಅಕ್ಕ ಮಗಳ ಫೋನಿನಿಂದ ಒಂದು ವಾಯ್ಸ್ ಮೆಸೇಜ್ ಹಾಕಿಸಿದರು. ಬರೆದು ಹಾಕೋಣ ಅಂದೆ. "ಓದಲ್ಲ ಕಣವ್ವ ಯಾರೂ, ನನ್ ದನಿ ಕೇಳಿದ್ರೆ ನಂಬ್ತಾರೆ" ಅಂದರು. "ನಿನ್ನೆ ಗ್ರೂಪಿಗೆ ಬಂದಿರೋ ಕಿಸಾನ್ ಆ್ಯಪ್ ಯಾರೂ ಒತ್ಬೇಡಿ. ನಾನು ಒತ್ತಿ ತೊಂಬತ್ತು ಸಾವ್ರ ಕಳ್ಕೊಂಡಿದೀನಿ. ಒತ್ತಿದ್ರೆ ಈಗ್ಲೇ ಸಿಮ್ ತೆಗೀರಿ, ನಂಗೆ ಫೋನ್ ಮಾಡಿ."

ಮೂರು ಜನ ಫೋನ್ ಮಾಡಿದರು. ಒಬ್ಬರು ಕಾರ್ಡಿನ ವಿವರವನ್ನೂ ತುಂಬಿದ್ದರು, ಹಣ ಇನ್ನೂ ಹೋಗಿರಲಿಲ್ಲ. ಅವರ ಕಾರ್ಡ್ ಅವತ್ತೇ ಬ್ಲಾಕ್ ಆಯಿತು. ಊರಿನ ಮುಂದೆ ಹಾಗೆ ಒಪ್ಪಿಕೊಳ್ಳಲು ಎಷ್ಟು ಧೈರ್ಯ ಬೇಕು ಅಂತ ಹಳ್ಳಿಯಲ್ಲಿ ಇದ್ದವರಿಗೆ ಗೊತ್ತು. "ಇಷ್ಟೂ ಗೊತ್ತಾಗ್ಲಿಲ್ವಾ" ಅಂದವರು ಇದ್ದೇ ಇದ್ದರು. ನಾವು ಈ ಒಂದು ಮಾತು ಆಡುವುದನ್ನು ಬಿಟ್ಟರೆ ಎಷ್ಟೋ ಮನೆಗಳ ದುಡ್ಡು ಉಳಿಯುತ್ತದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಅಕ್ಕ ಬೆಳಗ್ಗೆ ಅಷ್ಟು ಹೊತ್ತು ಬಾಯಿ ಬಿಡದೆ ಕೂತದ್ದು ಈ ಮಾತಿಗೆ ಹೆದರಿಯೇ.

ಡೈರಿ ಸೆಕ್ರೆಟರಿ ಆ ಫೈಲ್ ಅಳಿಸಿ, ಗ್ರೂಪಿಗೆ ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಮಾಡಿದರು.

ಈಗ

ಬಟವಾಡೆ ಬರುವ ಖಾತೆಗೆ ಈಗ ಕಾರ್ಡೇ ಇಲ್ಲ, ಯುಪಿಐಯೂ ಇಲ್ಲ. ಬೇರೆ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆರೆದಿದ್ದಾರೆ. ಅದರಲ್ಲಿ ನಾಲ್ಕೈದು ಸಾವಿರ ಮಾತ್ರ, ಫೋನ್‌ಪೇ ಅದಕ್ಕೆ ಜೋಡಿಸಿದೆ. ದೊಡ್ಡ ಮೊತ್ತ ಬೇಕಾದರೆ ಪಾಸ್‌ಬುಕ್ ಹಿಡಿದು ಹೋಗಿ ತರುತ್ತಾರೆ. ಎಲ್ಲರಿಗೂ ಇಷ್ಟು ಬೇಕಾಗಲಿಕ್ಕಿಲ್ಲ. ಕನಿಷ್ಠ ಕಾರ್ಡಿನ ಆನ್‌ಲೈನ್ ಸ್ವಿಚ್ ಆಫ್ ಮಾಡಿ, ದಿನದ ಮಿತಿಯನ್ನು ಎರಡು ಮೂರು ಸಾವಿರಕ್ಕೆ ಇಳಿಸಿದರೂ ಸಾಕು. ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಮಾಡಿಕೊಳ್ಳಬಹುದು, ಆಗದಿದ್ದರೆ ಶಾಖೆಗೆ ಹೋಗಿ ಕೇಳಬಹುದು. ಫೋನಿನ ಭಾಷೆ ಕನ್ನಡಕ್ಕೆ ಬದಲಾಗಿದೆ. ಪಿಎಂ ಕಿಸಾನ್ ಇ-ಕೆವೈಸಿಯನ್ನು ಯಜಮಾನರು ಗ್ರಾಮ ಒನ್ ಕೇಂದ್ರದಲ್ಲಿ ಮಾಡಿಸಿಕೊಂಡು ಬಂದರು. ಆ ವರ್ಷ ಮೂರು ಎಕರೆಯ ಬದಲು ಒಂದೂವರೆ ಎಕರೆಗೆ ಆಲೂಗೆಡ್ಡೆ ಹಾಕಿದರು, ಅದಕ್ಕೂ ಕೈಸಾಲ ಮಾಡಬೇಕಾಯಿತು.

62,648 ರೂಪಾಯಿಗಾಗಿ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟಿದ್ದೇವೆ. ಬ್ಯಾಂಕಿನ ಉತ್ತರ ಒಪ್ಪಿಗೆಯಾಗದಿದ್ದರೆ, ಅಥವಾ 30 ದಿನ ಕಳೆದರೂ ಉತ್ತರವೇ ಬಾರದಿದ್ದರೆ ಯಾರು ಬೇಕಾದರೂ ಕೊಡಬಹುದು, ಶುಲ್ಕ ಇಲ್ಲ. ಅಕ್ಕ ಕಾರ್ಡಿನ ವಿವರ ಕೊಟ್ಟದ್ದನ್ನು ನಾವು ಮುಚ್ಚಿಟ್ಟಿಲ್ಲ, ದೂರಿನ ಮೊದಲ ಸಾಲಿನಲ್ಲೇ ಬರೆದಿದ್ದೇವೆ. ನಮ್ಮ ಪ್ರಶ್ನೆ ಬೇರೆ. ಹಾಲಿನ ದುಡ್ಡು ಬಂದು, ಹಿಂಡಿ ಬೂಸಾಕ್ಕೆ ಹೋಗುವ ಖಾತೆ ಇದು. ಅಂಥ ಖಾತೆಯಿಂದ ಹೊತ್ತು ಮುಳುಗಿದ ಮೇಲೆ ಒಂಬತ್ತು ನಿಮಿಷದಲ್ಲಿ ಮೂರು ಸಲ, ಮಧ್ಯರಾತ್ರಿ ದಿನದ ಮಿತಿ ಬದಲಾದ ಕೂಡಲೇ ನಾಲ್ಕನೇ ಸಲ, ಹಿಂದೆ ಎಂದೂ ಬಳಸದ ವಾಲೆಟ್‌ಗಳಿಗೆ ಹಣ ಹೋಗುತ್ತಿದ್ದಾಗ, ಅದೇ ರಾತ್ರಿ ಹೊಸದಾಗಿ ನೆಟ್ ಬ್ಯಾಂಕಿಂಗ್ ಕೂಡ ತೆರೆದಾಗ, ಬ್ಯಾಂಕಿನಿಂದ ಒಂದು ಫೋನ್ ಕರೆಯಾದರೂ ಯಾಕೆ ಬರಲಿಲ್ಲ? ದೂರಿನ ಜೊತೆ ಮೂರು ವರ್ಷದ ಪಾಸ್‌ಬುಕ್ಕಿನ ಜೆರಾಕ್ಸ್ ಇಟ್ಟಿದ್ದೇವೆ. ಅದರಲ್ಲಿ ಆ ರಾತ್ರಿಯಂಥ ಇನ್ನೊಂದು ಸಾಲು ಎಲ್ಲೂ ಇಲ್ಲ. ಉತ್ತರ ಇನ್ನೂ ಬರಬೇಕಿದೆ.